ಮೊತ್ತ ತಾಳೆಯಾಯ್ತು, ಜನ ತಾಳೆಯಾದ್ರಾ?

ಸಂಬಳ ಖಾತೆಗೆ ಬಂತು ಅನ್ನೋ ಮೆಸೇಜ್ ನೋಡಿ ಫೋನ್ ಕೆಳಗಿಡ್ತೀರಲ್ಲ, ಅದು ಹೇಗೆ ಬಂತು ಅಂತ ಯಾವತ್ತಾದ್ರೂ ಯೋಚನೆ ಮಾಡಿದೀರಾ? ಮಾಡಿರಲ್ಲ. ಮಾಡೋ ಅಗತ್ಯ ಬರಬಾರದು ಅನ್ನೋದೇ ನನ್ನಂಥವರ ಕೆಲಸ. ನಾನು ಮೆಲ್ಬರ್ನಿನಲ್ಲಿ ಪೇರೋಲ್ ಸಾಫ್ಟ್‌ವೇರ್ ನೋಡ್ಕೊಳ್ತೀನಿ. ಪಾರ್ಟಿಯಲ್ಲಿ ಯಾರಾದ್ರೂ ಏನು ಕೆಲಸ ಅಂತ ಕೇಳಿ, ಉತ್ತರ ಕೇಳಿಸ್ಕೊಂಡ ಮೇಲೆ ಚಿಪ್ಸ್ ತರೋಕೆ ಎದ್ದು ಹೋಗ್ತಾರೆ. ಇವತ್ತು ನೀವು ಎದ್ದು ಹೋಗಬೇಡಿ.

ಒಂದು ಕಂಪನಿಯ ಎಚ್‌ಆರ್ ಸಿಸ್ಟಮ್‌ನಲ್ಲಿ ಜನರ ವಿವರ ಇರುತ್ತೆ. ಆದರೆ ಆ ವಿವರ ಬೇಕಾದವರು ಬೇರೆ ಬೇರೆ ಕಡೆ ಕೂತಿರ್ತಾರೆ. ಬ್ಯಾಂಕಿಗೆ ಖಾತೆ ನಂಬರ್ ಬೇಕು, ತೆರಿಗೆ ಇಲಾಖೆಗೆ ಗಳಿಕೆ ಬೇಕು, ಸೂಪರ್ ಫಂಡಿಗೆ ವಂತಿಗೆ ಲೆಕ್ಕ ಬೇಕು, ಹಾಜರಾತಿ ಸಿಸ್ಟಮ್‌ಗೆ ಗಂಟೆಯ ದರ ಬೇಕು. ಒಬ್ಬೊಬ್ಬರಿಗೂ ಬೇಕಾದಷ್ಟನ್ನೇ, ಬೇಕಾದ ಆಕಾರದಲ್ಲಿ ತೆಗೆದು ಕೊಡೋ ಪ್ರೋಗ್ರಾಮಿಗೆ ಎಕ್ಸ್‌ಟ್ರಾಕ್ಟ್ ಅಂತೀವಿ. ಇಲ್ಲಿನ ಬ್ಯಾಂಕುಗಳು ತಗೊಳ್ಳೋ ಎಬಿಎ ಫೈಲನ್ನೇ ನೋಡಿ. ಒಂದೊಂದು ಸಾಲೂ ಸರಿಯಾಗಿ 120 ಅಕ್ಷರ. ಅದರಲ್ಲಿ ಖಾತೆದಾರರ ಹೆಸರಿಗೆ 32. ಅಪ್ಪನ ಹೆಸರು, ಊರಿನ ಹೆಸರು ಎಲ್ಲ ಸೇರಿಸಿ ಬರೆಯೋ ನಮ್ಮ ಕಡೆಯವರ ಹೆಸರು ಎಷ್ಟೋ ಸಲ ಅಲ್ಲಿ ಮಧ್ಯಕ್ಕೇ ತುಂಡಾಗುತ್ತೆ.

ಆಸ್ಟ್ರೇಲಿಯಾದಲ್ಲಿ 2018ರ ಜುಲೈನಿಂದ ದೊಡ್ಡ ಸಂಸ್ಥೆಗಳು, ಮರುವರ್ಷದಿಂದ ಸಣ್ಣವೂ, ಸಂಬಳ ಕೊಟ್ಟಾಗಲೆಲ್ಲ ತೆರಿಗೆ ಇಲಾಖೆಗೆ ವರದಿ ಕೊಡಬೇಕಾಯ್ತು. ಅದರ ಹೆಸರು ಸಿಂಗಲ್ ಟಚ್ ಪೇರೋಲ್. 2022ರಲ್ಲಿ ಎರಡನೇ ಹಂತ ಬಂತು. ಮೊದಲು ಹೆಚ್ಚುಕಮ್ಮಿ ಒಂದೇ ಗಂಟಾಗಿ ಹೋಗ್ತಿದ್ದ ಗಳಿಕೆಯನ್ನ ಬಿಡಿಸಿ, ಓವರ್‌ಟೈಮ್ ಎಷ್ಟು, ರಜೆ ಸಂಬಳ ಎಷ್ಟು, ಭತ್ಯೆ ಎಷ್ಟು ಅಂತ ಬೇರೆ ಬೇರೆ ತೋರಿಸಬೇಕು. ನಾನು ಕೆಲಸ ಮಾಡ್ತಿದ್ದ, ವೃದ್ಧರ ಆರೈಕೆಯ ಸಂಸ್ಥೆಯೊಂದರಲ್ಲಿ ಹಳೇ ಎಕ್ಸ್‌ಟ್ರಾಕ್ಟ್‌ಗಳು ಇದಕ್ಕೆ ಸಾಲಲಿಲ್ಲ. ಎಲ್ಲವನ್ನೂ ಹೊಸ ಫ್ರೇಮ್‌ವರ್ಕಿಗೆ ಸಾಗಿಸಬೇಕು ಅಂತ ತೀರ್ಮಾನ ಆಯ್ತು.

ಹಳೇದು ರಾತ್ರಿಯೆಲ್ಲ ಓಡ್ತಿತ್ತು. ಒಬ್ಬರಾದ ಮೇಲೆ ಒಬ್ಬರು, ಥೇಟ್ ರೇಷನ್ ಕ್ಯೂ ಥರ. ಹೊಸದು ಜನರನ್ನ ಗುಂಪು ಗುಂಪಾಗಿ ಹಂಚಿಕೊಂಡು ಎಲ್ಲ ಗುಂಪನ್ನೂ ಒಟ್ಟಿಗೇ ಓಡಿಸುತ್ತೆ. ಐದು ಗಂಟೆಯ ಕೆಲಸ 40 ನಿಮಿಷಕ್ಕೆ ಇಳೀತು. ಎಲ್ಲರಿಗೂ ಖುಷಿ.

ಇಂಥ ಸಾಗಾಟದಲ್ಲಿ ಪ್ಯಾರಲಲ್ ರನ್ ಅಂತ ಮಾಡ್ತೀವಿ. ಒಂದೇ ಸಂಬಳದ ಅವಧಿಗೆ ಹಳೇದನ್ನೂ ಹೊಸದನ್ನೂ ಓಡಿಸಿ, ಎರಡೂ ಫೈಲ್ ಪಕ್ಕಪಕ್ಕ ಇಟ್ಟು ತಾಳೆ ನೋಡೋದು. ಮೂರನೇ ಸಲಕ್ಕೆ ಸಾಲುಗಳ ಸಂಖ್ಯೆ ಸರಿಹೋಯ್ತು, ಮೊತ್ತ ಸೆಂಟಿನವರೆಗೂ ಸರಿಹೋಯ್ತು. ಬೆಂಗಳೂರಿನ ಟೀಮಿನ ಹುಡುಗ ಅಲ್ಲಿ ಬೆಳಗಾಗೋ ಮುಂಚೆ ಎದ್ದು ಕೂತು ಮಾಡಿದ ಕೆಲಸ. ಕಾಲ್‌ನಲ್ಲಿ "ಮೇಡಂ, ಟೋಟಲ್ ಮ್ಯಾಚ್ ಆಗಿದೆ, ಸೈನ್‌ಆಫ್ ಕೊಟ್ಟುಬಿಡಿ" ಅಂದ. ಅವನ ದನಿಯಲ್ಲಿ ಇದ್ದ ಸುಸ್ತು ನನಗೂ ಇತ್ತು.

ಆಗ ಅಡ್ಡ ಬಂದಿದ್ದು ಪೇರೋಲ್ ವಿಭಾಗದ ಒಬ್ಬ ಹೆಂಗಸು. ಗ್ರೀಕ್ ಮೂಲದವರು, 30 ವರ್ಷದ ಸರ್ವೀಸು, ನಿವೃತ್ತಿಗೆ ನಾಲ್ಕು ತಿಂಗಳು ಬಾಕಿ. ಅವರ ಹತ್ರ ಒಂದು ನೋಟ್‌ಬುಕ್ ಇತ್ತು. ಅದರಲ್ಲಿ ಬರೀ ವಿಚಿತ್ರದ ಕೇಸುಗಳು. ಹೆರಿಗೆ ರಜೆಯಲ್ಲಿದ್ದಾಗಲೇ ಬಡ್ತಿ ಸಿಕ್ಕವರು. ಕೆಲಸ ಬಿಟ್ಟು ಹೋಗಿ ಹಳೇ ನಂಬರಿಗೇ ವಾಪಸ್ ಬಂದವರು. ಸರ್‌ನೇಮ್ ಇಲ್ಲದೆ ಒಂದೇ ಹೆಸರಿನ ಪಾಸ್‌ಪೋರ್ಟ್ ಇರೋರು. ತೀರಿಹೋದ ಮೇಲೆ ಕೊನೇ ಬಾಕಿ ಪಾವತಿ ಆಗಬೇಕಾದವರು. ಸಂಖ್ಯೆಯ ಮೊತ್ತ ಸರಿಹೋದ್ರೆ ಜನರ ಲೆಕ್ಕ ಸರಿಹೋದ ಹಾಗಲ್ಲ, ಮೊದಲು ಇವರನ್ನ ಒಬ್ಬೊಬ್ಬರಾಗಿ ತೋರಿಸು ಅಂದರು.

ತೋರಿಸೋಕೆ ಕೂತ್ವಿ. ಎರಡು ಕೆಲಸ ಮಾಡೋರ ಪುಟಕ್ಕೆ ಬಂದಾಗ ವಿಷಯ ಹೊರಬಿತ್ತು. ವಾರಕ್ಕೆರಡು ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ, ಮಿಕ್ಕ ರಾತ್ರಿಗಳಲ್ಲಿ ವೃದ್ಧರ ಆರೈಕೆಯಲ್ಲಿ ಇರೋರಿಗೆ ಫೈಲಿನಲ್ಲಿ ಎರಡು ಸಾಲು, ಎರಡು ದರ. ಹಾಜರಾತಿ ಸಿಸ್ಟಮ್ ಮಾತ್ರ ನೌಕರರ ನಂಬರ್ ಒಂದನ್ನೇ ನೋಡಿ, ಕೊನೆಗೆ ಬಂದ ಸಾಲನ್ನ ಇಟ್ಕೊಳ್ತಿತ್ತು. ಹಳೇ ಎಕ್ಸ್‌ಟ್ರಾಕ್ಟ್ ಮುಖ್ಯ ಕೆಲಸವನ್ನ ಯಾವಾಗಲೂ ಕೊನೆಗೇ ಬರೀತಿತ್ತು. ಹಾಗೇ ಬರೀಬೇಕು ಅಂತ ಯಾವ ದಾಖಲೆಯಲ್ಲೂ ಇರಲಿಲ್ಲ, ಅಭ್ಯಾಸ ಅಷ್ಟೇ. ಎಲ್ಲವನ್ನೂ ಒಟ್ಟಿಗೆ ಓಡಿಸೋ ಹೊಸದಕ್ಕೆ ಆ ಅಭ್ಯಾಸ ಎಲ್ಲಿಂದ ಬರಬೇಕು? ಯಾವ ಗುಂಪು ಮೊದಲು ಮುಗೀತೋ ಅದು ಮೊದಲು.

ಸಾಲುಗಳು ಅವೇ, ಮೊತ್ತ ಅದೇ, ಕ್ರಮ ಮಾತ್ರ ಬೇರೆ. ಹಾಗೇ ಬಿಟ್ಟಿದ್ರೆ 11 ಜನರ ರಾತ್ರಿ ಪಾಳಿಗೆ ಅಡುಗೆಮನೆಯ ದರ ಬೀಳ್ತಿತ್ತು. ಗಂಟೆಗೆ 4 ಡಾಲರ್ ಕಮ್ಮಿ ಅಂದ್ಕೊಳ್ಳಿ, ಹದಿನೈದು ದಿನದಲ್ಲಿ 60 ಗಂಟೆಗೆ 240 ಡಾಲರ್. ಸಾವಿರಾರು ಜನರ ಸಂಸ್ಥೆಗೆ ಅದು ಲೆಕ್ಕಕ್ಕೇ ಇಲ್ಲ. ಎರಡು ಕೆಲಸ ಮಾಡಿ ಬಾಡಿಗೆ ಕಟ್ಟೋ ಹೆಂಗಸಿಗೆ ಅದೇ ವಾರದ ದಿನಸಿ. ಅದರಲ್ಲೂ ಆಕೆ ಇಂಗ್ಲಿಷ್ ಸರಿಯಾಗಿ ಬರದ, ಪೇಸ್ಲಿಪ್ ಓದೋಕೆ ಹಿಂಜರಿಯೋ ವಲಸಿಗಳಾಗಿದ್ರೆ ಕೇಳೋಕೂ ಬರಲ್ಲ.

ಒಂದು ಸಂಬಳದ ಅವಧಿ ಮುಂದೂಡೋಣ ಅಂದೆ. ಮೀಟಿಂಗಿನಲ್ಲಿ ಮುಖಗಳು ಗಂಟಾದವು. 11 ಜನರಿಗಾಗಿ ಇಡೀ ಪ್ರಾಜೆಕ್ಟ್ ನಿಲ್ಲಿಸಬೇಕಾ, ಆಮೇಲೆ ಕೈಯಾರೆ ಸರಿಮಾಡಿದ್ರೆ ಆಗಲ್ವಾ ಅಂತ ಪ್ರಶ್ನೆ ಬಂತು. ನಾನು ಕ್ವೀನ್ಸ್‌ಲ್ಯಾಂಡ್ ನೆನಪಿಸಿದೆ. 2010ರ ಮಾರ್ಚ್‌ನಲ್ಲಿ ಅಲ್ಲಿನ ಆರೋಗ್ಯ ಇಲಾಖೆ ಹೊಸ ಪೇರೋಲ್ ಶುರುಮಾಡಿತು. ಸುಮಾರು 78 ಸಾವಿರ ನೌಕರರು. ಎಷ್ಟೋ ನರ್ಸುಗಳಿಗೆ ಕಮ್ಮಿ ಬಂತು, ಕೆಲವರಿಗೆ ಜಾಸ್ತಿ, ಕೆಲವರಿಗೆ ಏನೂ ಬರಲಿಲ್ಲ. ಆಮೇಲೆ ಕೈಯಾರೆ ಸರಿಮಾಡೋಕೇ ನೂರಾರು ಜನ ಬೇಕಾದರು. ಒಟ್ಟು ಖರ್ಚಿನ ಅಂದಾಜು 1.2 ಬಿಲಿಯನ್ ಡಾಲರ್ ಮುಟ್ಟಿತು, 2013ರಲ್ಲಿ ವಿಚಾರಣಾ ಆಯೋಗವೇ ಕೂತಿತು. ಕೆನಡಾದಲ್ಲಿರೋ ಓದುಗರಿಗೆ 2016ರ ಫೀನಿಕ್ಸ್ ಕಥೆ ನಾನು ಹೇಳಬೇಕಾಗಿಲ್ಲ.

ಮುಂದೂಡಿದ್ರು. ನಾವು ಸಾಲುಗಳ ಕ್ರಮವನ್ನ ನಿಯಮವಾಗಿ ಬರೆದ್ವಿ. ಹಾಜರಾತಿ ಸಿಸ್ಟಮ್‌ನವರು ನೌಕರರ ನಂಬರಿನ ಜೊತೆ ಕೆಲಸದ ನಂಬರನ್ನೂ ನೋಡೋ ಹಾಗೆ ಮಾಡಿಕೊಂಡರು. ನೋಟ್‌ಬುಕ್ಕಿನ 41 ಕೇಸೂ ಟೆಸ್ಟ್‌ಗಳಾದವು. ಒಂದೊಂದರ ಪಕ್ಕದಲ್ಲೂ "ಯಾಕೆ" ಅನ್ನೋ ಕಾಲಮ್ ಇಟ್ವಿ. ಅದನ್ನ ತುಂಬಿದವನು ಬೆಂಗಳೂರಿನ ಅದೇ ಹುಡುಗ. ಆ ಹೆಂಗಸಿನ ಜೊತೆ ದಿನಾ ಅರ್ಧ ಗಂಟೆ ವಿಡಿಯೋ ಕಾಲ್‌ನಲ್ಲಿ ಕೂತು ಕೇಳ್ತಿದ್ದ.

ಅವರ ನೋಟ್‌ಬುಕ್ ನೋಡಿದಾಗ ನನಗೆ ನಮ್ಮೂರಿನ ಸಂಬಳ ಬಟವಾಡೆ ಪುಸ್ತಕ ನೆನಪಾಗ್ತಿತ್ತು. ದೊಡ್ಡಮ್ಮ ಸರ್ಕಾರಿ ಶಾಲೆಯ ಟೀಚರ್. ರೆವೆನ್ಯೂ ಸ್ಟ್ಯಾಂಪಿನ ಮೇಲೆ ಸಹಿ ಹಾಕಿ ದುಡ್ಡು ಎಣಿಸ್ಕೊಳ್ತಿದ್ದರು. ತಪ್ಪಿದ್ರೆ ಗುಮಾಸ್ತರ ಮುಖ ನೋಡಿ ಅಲ್ಲೇ ಕೇಳಬಹುದಿತ್ತು. ಆಗ ಎಲ್ಲ ಚೆನ್ನಾಗಿತ್ತು ಅಂತಲ್ಲ. ಖಜಾನೆಯಿಂದ ಬಿಲ್ ವಾಪಸ್ ಬಂದ ತಿಂಗಳು ಎಲ್ಲರೂ ಸಾಲ ಮಾಡ್ತಿದ್ದರು. ಆದರೆ ಕೇಳೋಕೆ ಒಂದು ಮುಖ ಇತ್ತು. ಈಗ ಆ ಮುಖ ಇಲ್ಲ, ಹಾಗಾಗಿ ಅವರು ಕೇಳಬಹುದಾದ ಪ್ರಶ್ನೆಯನ್ನ ನಾವೇ ಮುಂಚೆ ಕೇಳ್ಕೋಬೇಕು.

ನಿಮ್ಮದು ಪೇರೋಲ್ ಅಲ್ಲದೇ ಇರಬಹುದು. ಆಸ್ಪತ್ರೆ, ಬ್ಯಾಂಕು, ಗೋದಾಮು, ಯಾವುದಾದ್ರೂ ಆಗಲಿ, ಹಳೇದನ್ನ ತೆಗೆದು ಹೊಸದು ಹಾಕೋ ಕೆಲಸ ಎಲ್ಲ ಕಡೆ ನಡೀತಾನೇ ಇದೆ. ಹಳೇ ಕೋಡಿನಲ್ಲಿ ಅರ್ಥವಿಲ್ಲದ ಒಂದು ಸಾಲು ಕಂಡ್ರೆ ಅಳಿಸೋ ಮುಂಚೆ ಅದು ಯಾರಿಗಾಗಿ ಬಂತು ಅಂತ ಹುಡುಕಿ. ನಿಮ್ಮ ಆಫೀಸಿನಲ್ಲೂ ಅಂಥ ನೋಟ್‌ಬುಕ್ ಇಟ್ಟವರು ಒಬ್ಬರು ಖಂಡಿತ ಇರ್ತಾರೆ. ಅವರು ರಿಟೈರ್ ಆಗೋ ಮುಂಚೆ ಒಂದು ಕಾಫಿ ಕುಡಿಸಿ, ಪಕ್ಕದಲ್ಲಿ ಕೂತು ಕೇಳಿಸ್ಕೊಳ್ಳಿ.