ಬಾಗಿಲು ತೆರೆಯದ ಮನೆ

ಕೀಲ್ಪಾಕಿನ ಕನ್ನಡ ಮನೆಗಳನ್ನು ಎಣಿಸಲು ನಾವು ದಂಪತಿಗಳು ಹೊರಟೆವು. ಮೊದಲ ಸುತ್ತಿನಲ್ಲಿ ಬಾಗಿಲು ತೆರೆದವು 20. ಪಟ್ಟಿ ಮಡಿಸುವಾಗ ನಾಗರಹೊಳೆ ನೆನಪಾಯಿತು. 1990ರ ದಶಕದಲ್ಲಿ ಉಲ್ಲಾಸ ಕಾರಂತರು ಅಲ್ಲಿ ಕ್ಯಾಮರಾಗಳನ್ನಿರಿಸಿ, ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಗುರುತಿಸಿ, ಚಿತ್ರಕ್ಕೆ ಸಿಗದವನ್ನೂ ಲೆಕ್ಕಕ್ಕೆ ತಂದರು. ಒಮ್ಮೆ ಸಿಕ್ಕವು ಮತ್ತೆಷ್ಟು ಸಿಗುತ್ತವೆಂಬುದೇ ಆ ಲೆಕ್ಕದ ಕೀಲಿ.

ನಾವೂ ಮತ್ತೊಂದು ಸುತ್ತು ಹೋದೆವು. ಈ ಸಲವೂ 20. ಅವುಗಳಲ್ಲಿ ಹಳೆಯವು 10 ಮಾತ್ರ. ಎಂದರೆ ಸುತ್ತಿಗೆ ಅರ್ಧವಷ್ಟೇ ಕಾಣುವುದು. ಒಟ್ಟು ಸುಮಾರು 40!

ಹೋದ ಸಲ ಬಾಗಿಲು ತಟ್ಟಿ ಹಿಂದಿರುಗಿದ್ದ ಮನೆಯಲ್ಲಿ ಒಂಟಿ ಅಜ್ಜಿಯೊಬ್ಬರಿದ್ದರು. “ನಾನು ಎದ್ದು ಬರುವಷ್ಟರಲ್ಲಿ ಹೊರಟೇಬಿಟ್ಟಿರಲ್ಲಮ್ಮಾ” ಎಂದು ಕೈ ಹಿಡಿದರು. ಕಾಣದ್ದೆಲ್ಲ ಇಲ್ಲದ್ದಲ್ಲ. ಉಳಿದ ಹತ್ತು ಬಾಗಿಲುಗಳನ್ನು ತಟ್ಟಲು ವಾಚಕರೇ, ನೀವೂ ಬರುವಿರಾ?