ನೈಟಿಗೊಂದು ಚೀಟಿ

"ನೀವು ಪೇಪರ್‌ಗೆ ಬರೆಯೋರಲ್ವಾ? ಅಂಗೈ ಅಗಲದ ಒಂದು ಚೀಟಿ ಬರ್ಕೊಡಿ ಅಂದ್ರೆ ಹದಿನೈದು ದಿನವಾ?"

ಚಿಕ್ಕಮ್ಮ ಹೀಗೆ ಕೇಳಿದಾಗ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಪತ್ರಿಕೋದ್ಯಮ ಓದಿದ್ದೇವೆ, ನಾನೂರು ಪದದ ವರದಿಯನ್ನು ಒಂದು ಗಂಟೆಯಲ್ಲಿ ಬರೆಯುತ್ತೇವೆ. ಆದರೆ ಒಂದು ನೈಟಿಗೆ ನೇತುಹಾಕುವ ಟ್ಯಾಗ್ ಮೇಲೆ ಏನು ಬರೆಯಬೇಕು ಅನ್ನುವುದು ನಮಗೆ ಹೊಳೆದಿರಲಿಲ್ಲ.

ಚಿಕ್ಕಮ್ಮ ಅಂದರೆ ನಮ್ಮಲ್ಲೊಬ್ಬರ ಚಿಕ್ಕಮ್ಮ, ಈಗ ಇಬ್ಬರಿಗೂ ಚಿಕ್ಕಮ್ಮ. ಒಂಬತ್ತು ವರ್ಷ ಗಾರ್ಮೆಂಟ್ಸ್‌ನಲ್ಲಿ ದುಡಿದವರು. ಮದ್ದೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಗ್ಗೆ ಹೊತ್ತಿಗೆ ಸೋಮನಹಳ್ಳಿ, ಗೆಜ್ಜಲಗೆರೆ ದಾರಿಯಲ್ಲಿ ಊಟದ ಬ್ಯಾಗು ಹಿಡಿದು ಬಸ್ಸಿಗೆ ಕಾಯುವ ಹೆಣ್ಣುಮಕ್ಕಳನ್ನು ನೀವೂ ನೋಡಿದ್ದೀರಿ, ನಿಮ್ಮ ಮನೆಯಿಂದಲೇ ಒಬ್ಬರು ಹೋಗುತ್ತಿದ್ದರೂ ಆಶ್ಚರ್ಯವಿಲ್ಲ. ಮಂಡಿ ನೋವು ಶುರುವಾದ ಮೇಲೆ ಚಿಕ್ಕಮ್ಮ ಕೆಲಸ ಬಿಟ್ಟರು. ಜೊತೆಗೆ ಬಿಟ್ಟ ಇನ್ನು ಮೂವರನ್ನು ಸೇರಿಸಿಕೊಂಡು, ಸಂಘದಲ್ಲಿ ಸಾಲ ತೆಗೆದು, ಎರಡು ಮಿಷನ್ನು, ಒಂದು ಹಳೇ ಓವರ್‌ಲಾಕ್ ಇಟ್ಟುಕೊಂಡು ಮನೆ ಜಗಲಿಯಲ್ಲಿ ನೈಟಿ ಹೊಲಿಯುತ್ತಿದ್ದಾರೆ. ಆ ನೈಟಿಗೆ ಬಲಗಡೆ ಒಂದು ಜೇಬು. ಹಟ್ಟಿ ಗುಡಿಸುವಾಗ, ಹಾಲು ಕರೆಯುವಾಗ ಫೋನ್ ಎಲ್ಲಿಡೋದು ಅನ್ನುವ ಪ್ರಶ್ನೆಗೆ ಉತ್ತರ ಅದು. ಬ್ರ್ಯಾಂಡಿನ ಹೆಸರು ಇಲ್ಲಿ ಬೇಡ, ಜಾಹೀರಾತಾಗುತ್ತೆ.

ಅಕ್ಕಪಕ್ಕದವರಿಗೆ ಮಾರುವ ತನಕ ಚೀಟಿ ಬೇಕಾಗಿರಲಿಲ್ಲ. ಪೇಟೆ ಬೀದಿಯ ಬಟ್ಟೆ ಅಂಗಡಿಯವರೊಬ್ಬರು, "ಐವತ್ತು ಪೀಸ್ ಇಡಿ, ನೋಡೋಣ. ಆದ್ರೆ ಟ್ಯಾಗ್ ಇರ್ಲಿ, ಎಂ.ಆರ್.ಪಿ. ಇರ್ಲಿ. ಇಲ್ದಿದ್ರೆ ಫುಟ್‌ಪಾತ್ ಮಾಲು ಅಂತ ಅರ್ಧಕ್ಕೆ ಕೇಳ್ತಾರೆ" ಅಂದರು. ಅಲ್ಲಿಂದ ಶುರುವಾಯಿತು.

ಟ್ಯಾಗ್ ವಿಷಯದಲ್ಲಿ ಚಿಕ್ಕಮ್ಮನಿಗೆ ನಾವು ಹೇಳಿಕೊಡುವುದು ಏನೂ ಇರಲಿಲ್ಲ. ಅವರು ಇದ್ದದ್ದೇ ಪ್ಯಾಕಿಂಗ್ ಸೆಕ್ಷನ್‌ನಲ್ಲಿ. ಕಿಂಬಲ್ ಗನ್ ಹಿಡಿದು ದಿನವಿಡೀ ಶರ್ಟಿಗೆ ಟ್ಯಾಗ್ ಹೊಡೆಯುವುದೇ ಕೆಲಸ. ಗನ್ನಿನ ಸೂಜಿಯನ್ನು ಬಟ್ಟೆಗೆ ಚುಚ್ಚಬಾರದು, ತೂತು ಉಳಿಯುತ್ತೆ. ಕತ್ತಿನ ಲೇಬಲ್ಲಿಗೋ ಹೊಲಿಗೆ ಸಂದಿಗೋ ಚುಚ್ಚಬೇಕು. ಟ್ಯಾಗುಗಳು ಎಣಿಸಿದಷ್ಟೇ ಬರುತ್ತವೆ, ಅದೂ ಬಯರ್ ಹೇಳಿದ ಕಡೆಯಿಂದಲೇ. ಹೆಚ್ಚುವರಿ ಟ್ಯಾಗ್ ಹೊರಗೆ ಹೋದರೆ ನಕಲಿ ಮಾಲಿಗೆ ಅಸಲಿ ಚೀಟಿ ಸಿಕ್ಕಂತಾಗುತ್ತದಲ್ಲ, ಅದಕ್ಕೆ. ಒಂದು ಕಮ್ಮಿ ಬಿದ್ದರೆ ಟೇಬಲ್ ಕೆಳಗೆಲ್ಲ ಹುಡುಕಿಸುತ್ತಿದ್ದರಂತೆ.

"ಮೊದಮೊದ್ಲು 29.99 ಅಂತ ಇರೋದು. ಇಷ್ಟು ಚೆಂದದ ಶರ್ಟು ಮೂವತ್ತು ರೂಪಾಯ್ಗಾ, ನಮ್ಗೂ ಒಂದು ಕೊಟ್ಟಿದ್ರೆ ಆಗಿತ್ತು ಅಂತ ಮಾತಾಡ್ಕೊಳೋವು" ಅಂತ ಚಿಕ್ಕಮ್ಮ ನಕ್ಕರು. ಜೊತೆಯವರೊಬ್ಬರ ಮಗಳು ಕಾಲೇಜು ಓದುತ್ತಿದ್ದಳು. ಅದು ರೂಪಾಯಿ ಅಲ್ಲ, ಯೂರೋ ಅಂತ ಅವಳು ಹೇಳಿದ ಮೇಲೆ ಲೆಕ್ಕ ಹಾಕಿದರು. ಎರಡು ಸಾವಿರದ ಮೇಲೆ ಹೋಯಿತು. ತಿಂಗಳ ಸಂಬಳಕ್ಕೆ ಮೂರು ಶರ್ಟು. "ಆವತ್ತಿಂದ ನಾನು ಆ ನಂಬರ್ ನೋಡೋದೇ ಬುಟ್ಬುಟ್ಟೆ ಕಣಪ್ಪ."

ನಾವು ಕಾಗದ ತೆಗೆದು ಕೂತೆವು. ವರದಿ ಬರೆಯುವಾಗ ಯಾರು, ಏನು, ಎಲ್ಲಿ, ಯಾವಾಗ ಅಂತ ಕೇಳಿಕೊಳ್ಳಬೇಕು ಅಂತ ಮೊದಲ ತರಗತಿಯಲ್ಲೇ ಹೇಳಿಕೊಡುತ್ತಾರೆ. ಟ್ಯಾಗಿಗೂ ಅದೇ ಪ್ರಶ್ನೆಗಳು ಅನ್ನಿಸಿತು. ಕೆಲವಕ್ಕೆ ಕಾನೂನೇ ಉತ್ತರ ಕೇಳುತ್ತದೆ: ತಯಾರಿಸಿದವರ ಹೆಸರು ವಿಳಾಸ, ಅಳತೆ, ಎಲ್ಲ ತೆರಿಗೆ ಸೇರಿದ ಎಂ.ಆರ್.ಪಿ., ದೂರು ಹೇಳಲು ಒಂದು ನಂಬರ್. ಎಂ, ಎಲ್, ಎಕ್ಸ್‌ಎಲ್ ಅಂತ ಹಾಕಿದರೆ ಸಾಲದು, ಎಷ್ಟು ಸೆಂಟಿಮೀಟರ್ ಅಂತಲೂ ಇರಬೇಕು.

'ಏನು' ಅನ್ನುವುದರಲ್ಲೇ ಎಡವಿದೆವು. "ಶುದ್ಧ ಹತ್ತಿ" ಅಂತ ದಪ್ಪಕ್ಷರದಲ್ಲಿ ಬರೆದಿದ್ದೆವು. ಬೆಂಗಳೂರಿನಿಂದ ಎರಡು ಥರದ ಬಟ್ಟೆ ತಂದಿದ್ದರು, ಕೊಟ್ಟವರು ಎರಡೂ ಕಾಟನ್ನೇ ಅಂದಿದ್ದರು. ಚಿಕ್ಕಮ್ಮ ನಮ್ಮ ಕರಡನ್ನು ನೋಡಿ ಏನೂ ಮಾತಾಡದೆ ಎರಡೂ ಬಟ್ಟೆಯಿಂದ ಎಳೆ ಕಿತ್ತು, ಹೊಸೆದು, ಕಡ್ಡಿ ಗೀರಿದರು. ಮೊದಲನೆಯದು ಕಾಗದ ಉರಿದಂತೆ ಉರಿದು ಬೂದಿಯಾಗಿ ಬೆರಳಲ್ಲಿ ಪುಡಿಯಾಯಿತು. ಎರಡನೆಯದು ಮುದುಡಿಕೊಂಡು, ಪ್ಲಾಸ್ಟಿಕ್ ವಾಸನೆ ಬಂದು, ತುದಿಯಲ್ಲಿ ಸಾಸಿವೆ ಕಾಳಿನಂಥ ಕಪ್ಪು ಗಂಟು ಉಳಿಯಿತು. ಪಾಲಿಯೆಸ್ಟರ್ ಸೇರಿದೆ ಅಂತ ಅರ್ಥ. (ಇದನ್ನು ನೀವೂ ಮಾಡಿ ನೋಡಬಹುದು. ಎಳೆ ಮಾತ್ರ ಕಿತ್ತುಕೊಳ್ಳಿ, ತೊಟ್ಟ ಬಟ್ಟೆಗೆ ಕಡ್ಡಿ ಹಿಡಿಯಬೇಡಿ.)

ಅಷ್ಟರಲ್ಲಾಗಲೇ ಆ ಬಟ್ಟೆಯಲ್ಲಿ 22 ನೈಟಿ ಹೊಲಿದಾಗಿತ್ತು.

"ಯಾರು ಬೆಂಕಿ ಹಚ್ಚಿ ನೋಡ್ತಾರೆ, ಬುಡಿ ಅತ್ಲಗೆ. ಎಲ್ರೂ ಹಂಗೇ ಹಾಕ್ತಾರೆ" ಅಂದರು ನಾಲ್ವರಲ್ಲಿ ಒಬ್ಬರು. ಅವರ ಮಾತನ್ನು ತಪ್ಪು ಅನ್ನುವ ಧೈರ್ಯ ನಮಗಿರಲಿಲ್ಲ. ಸಂಘದ ಕಂತು ಕಟ್ಟಬೇಕಾದವರು ಅವರು, ನಾವಲ್ಲ. ಚಿಕ್ಕಮ್ಮ ಮಾತ್ರ, "ಒಗ್ದಾಗ ಗೊತ್ತಾಗುತ್ತೆ ಕಣವ್ವ, ಬೇಸ್ಗೇಲಿ ಹಾಕ್ಕಂಡಾಗ ಗೊತ್ತಾಗುತ್ತೆ. ಊರೋರ್ ತಾನೇ ತಗೋಳೋದು" ಅಂದರು. 22 ಪೀಸಿಗೆ "ಹತ್ತಿ ಮಿಶ್ರಿತ" ಅಂತ ಬರೆದು ತಲಾ 40 ರೂಪಾಯಿ ಇಳಿಸುವುದು ಅಂತಾಯಿತು. ಒಟ್ಟು 880 ರೂಪಾಯಿ. ಅದಕ್ಕೆ ಎರಡು ದಿನ ಜಗಲಿಯಲ್ಲಿ ಮಾತು ಕಮ್ಮಿ ಇತ್ತು.

ಸರ್ಕಾರಿ ಗುರುತು ಯಾವುದಾದರೂ ಹಾಕಬಹುದಾ ಅಂತಲೂ ನೋಡಿದೆವು. ನಮ್ಮ ಕಡೆ ರೇಷ್ಮೆ ಬೆಳೆಯುವವರಿಗೆ ಸಿಲ್ಕ್ ಮಾರ್ಕ್ ಗೊತ್ತಿರುತ್ತದೆ. ಅಸಲಿ ರೇಷ್ಮೆಗೆ ಅಂತ 2004ರಲ್ಲಿ ಬಂದ ಚೀಟಿ ಅದು. ಕೈಮಗ್ಗದ ಬಟ್ಟೆಗೆ 2006ರಿಂದ ಹ್ಯಾಂಡ್‌ಲೂಮ್ ಮಾರ್ಕ್ ಇದೆ. ಕೆ.ಎಸ್.ಐ.ಸಿ.ಯ ಮೈಸೂರು ಸಿಲ್ಕ್ ಸೀರೆಗೆ ಹಾಲೋಗ್ರಾಮ್, ಪ್ರತಿ ಸೀರೆಗೂ ಬೇರೆ ನಂಬರು. ಇವೆಲ್ಲ ನೂಲಿಗೆ, ನೇಯ್ಗೆಗೆ ಸಿಗುವ ಗುರುತು. ಮಿಲ್ ಬಟ್ಟೆ ತಂದು ಹೊಲಿಯುವವರು ಇವನ್ನು ಹಾಕುವಂತಿಲ್ಲ. ಹೊಲಿಗೆಗೆ ಅಂತಲೇ ಒಂದು ಗುರುತು ನಮ್ಮ ಹುಡುಕಾಟದಲ್ಲಿ ಸಿಗಲಿಲ್ಲ.

'ಎಲ್ಲಿ' ಅನ್ನುವುದಕ್ಕೆ ಜಗಳ ಇರಲಿಲ್ಲ. ಚಿಕ್ಕಮ್ಮ ಒಂಬತ್ತು ವರ್ಷ ಹೊಡೆದ ಟ್ಯಾಗಿನಲ್ಲೆಲ್ಲ ಮೇಡ್ ಇನ್ ಇಂಡಿಯಾ ಅಂತಿತ್ತೇ ಹೊರತು ಮದ್ದೂರು ಅಂತ ಎಲ್ಲೂ ಇರಲಿಲ್ಲವಂತೆ. ಆದ್ದರಿಂದ ಮೊದಲ ಸಾಲೇ "ಮದ್ದೂರಿನಲ್ಲಿ ಹೊಲಿದದ್ದು".

'ಯಾರು' ಅನ್ನುವ ಪ್ರಶ್ನೆ ನಮ್ಮದು. "ಹೊಲಿದವರು" ಅಂತ ಬರೆದು ಮುಂದೆ ಗೆರೆ ಬಿಡೋಣ, ಹೊಲಿದವರೇ ಪೆನ್ನಲ್ಲಿ ಹೆಸರು ಬರೆಯಲಿ ಅಂದೆವು. ಬಹಳ ದೊಡ್ಡ ಆಲೋಚನೆ ಮಾಡಿದೆವು ಅಂತ ನಮಗೆ ಒಳಗೊಳಗೇ ಹೆಮ್ಮೆ. ತರಗತಿಯಲ್ಲಿ ಓದಿದ ರಾಣಾ ಪ್ಲಾಜಾ ಕಥೆಯನ್ನೂ ಹೇಳಿದೆವು. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಹತ್ತಿರ ಎಂಟು ಅಂತಸ್ತಿನ ಕಟ್ಟಡ ಕುಸಿದು, ಅದರೊಳಗಿನ ಗಾರ್ಮೆಂಟ್ಸ್‌ಗಳಲ್ಲಿದ್ದ 1,100ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಯಾವ ಯಾವ ಕಂಪನಿಯ ಬಟ್ಟೆ ಹೊಲಿಯುತ್ತಿದ್ದರು ಅಂತ ತೋರಿಸಲು ಜನ ಅವಶೇಷದಲ್ಲಿ ಲೇಬಲ್ಲು, ಕಾಗದ ಪತ್ರ ಹುಡುಕಬೇಕಾಯಿತು. ಬಟ್ಟೆಯ ಚೀಟಿಯೇ ಸಾಕ್ಷಿ ಆಯಿತು ಅಂತ ವಿವರಿಸಿದೆವು.

ಓವರ್‌ಲಾಕ್ ಮುಂದೆ ಕೂತಿದ್ದ ಅಕ್ಕ ಕತ್ತೆತ್ತಿ, "ಕಟ್ಟಡ ಬಿರುಕು ಬಿಟ್ಟಿರ್ಲಿಲ್ವಾ ಮೊದ್ಲು?" ಅಂದರು.

ಬಿಟ್ಟಿತ್ತು. ಹಿಂದಿನ ದಿನವೇ ಬಿರುಕು ಕಂಡಿತ್ತು, ಮರುದಿನ ಒಳಗೆ ಕಳಿಸಿದ್ದರು.

"ಮತ್ತೆ? ಸತ್ಮೇಲೆ ಚೀಟಿ ಹುಡ್ಕಿ ಏನ್ ಮಾಡಾದು" ಅಂತ ಪೆಡಲ್ ತುಳಿದರು.

ಅದೇ ಅಕ್ಕ ಹೆಸರು ಬರೆಯಲು ಒಪ್ಪಲಿಲ್ಲ. ಮನೆಯವರ ಭಯ ಇರಬೇಕು, ಹೆಣ್ಣುಮಗಳ ಹೆಸರು ಅಂಗಡಿಯಲ್ಲಿ ನೇತಾಡುವುದು ಬೇಡ ಅಂತ ಇರಬೇಕು ಅಂದುಕೊಂಡೆವು. ಅದಲ್ಲ. ಫ್ಯಾಕ್ಟರಿಯಲ್ಲಿ ಅವರು ಟೈಲರ್. ಅಲ್ಲಿ ಪ್ರತಿ ಬಂಡಲ್ಲಿಗೂ ಒಂದು ಚೀಟಿ, ಯಾವ ಆಪರೇಷನ್ ಯಾರು ಮಾಡಿದ್ದು ಅಂತ ಅದರಲ್ಲಿ ನಂಬರ್. ಹೊಲಿಗೆ ಬಿಟ್ಟರೆ, ವಂಕಿ ಬಂದರೆ ಆ ನಂಬರ್ ಹಿಡಿದುಕೊಂಡು ನೇರ ಅವರ ಮಿಷನ್ ಹತ್ತಿರ ಬರೋರು, ಎಲ್ಲರ ಎದುರು ಪೀಸ್ ಬಿಸಾಕೋರು. "ಚೆನ್ನಾಗ್ ಹೊಲ್ದಾಗ ಆ ನಂಬರ್ ಹುಡ್ಕಂಡು ಯಾರೂ ಬರ್ಲಿಲ್ಲ. ಎಸ್ರು ಅಂದ್ರೆ ಬೈಯೋಕೆ ಒಂದು ದಾರಿ."

ನಾವು ಸುಮ್ಮನಾದೆವು. ಚೀಟಿಯಲ್ಲಿ ಹೆಸರಿಲ್ಲದ್ದೇ ಅನ್ಯಾಯ ಅಂತ ನಾವು ಅಂದುಕೊಂಡಿದ್ದೆವು. ಅವರ ಹೆಸರು ಚೀಟಿಯಲ್ಲಿ ಮೊದಲಿಂದಲೂ ಇತ್ತು, ಗಿರಾಕಿ ನೋಡುವ ಚೀಟಿಯಲ್ಲಿ ಅಲ್ಲ, ಅಷ್ಟೇ. ಗೆರೆ ಇರಲಿ, ಇಷ್ಟ ಇದ್ದವರು ಬರೆಯಲಿ ಅಂತ ತೀರ್ಮಾನವಾಯಿತು.

ಇನ್ನು ಅಚ್ಚು. ಟ್ಯಾಗ್ ಅಂತ ಕೇಳಿದರೆ ಸೈಜಿಗೆ ಬೇರೆ ಡೈ, ಬೇರೆ ರೇಟು, ಐದು ಸಾವಿರಕ್ಕೆ ಕಮ್ಮಿ ಮಾಡಲ್ಲ ಅಂದರು ಒಂದು ಕಡೆ. ನಮಗೆ ಬೇಕಿದ್ದದ್ದು ಕೆಲವು ನೂರು. ಕೊನೆಗೆ ಒಬ್ಬ ಡಿಟಿಪಿ ಅಣ್ಣ ದಾರಿ ತೋರಿಸಿದರು: ವಿಸಿಟಿಂಗ್ ಕಾರ್ಡ್ ಅಳತೆಗೇ ಮಾಡಿಸಿ, ಮೂರೂವರೆ ಇಂಚು ಉದ್ದ, ಎರಡು ಇಂಚು ಅಗಲ. ಹತ್ತಾರು ಜನರ ಕಾರ್ಡನ್ನು ಒಂದೇ ಶೀಟಿನಲ್ಲಿ ಸೇರಿಸಿ ಹೊಡೆಯುವುದರಿಂದ ಅದು ಅಗ್ಗ. ಮೂಲೆಯಲ್ಲಿ ತೂತು ಹೊಡೆದು ದಾರ ಪೋಣಿಸಿದರೆ ಟ್ಯಾಗ್. ಹಿಂಭಾಗಕ್ಕೆ ಲ್ಯಾಮಿನೇಷನ್ ಬೇಡ ಅನ್ನಿ, ಇಲ್ಲದಿದ್ದರೆ ಪೆನ್ನು ಹಿಡಿಯಲ್ಲ ಅಂತಲೂ ಅವರೇ ಹೇಳಿದ್ದು. ಸಾವಿರ ಕಾರ್ಡಿಗೆ ತೂತು ಸೇರಿ 750 ರೂಪಾಯಿ. ಒಂದಕ್ಕೆ ಮುಕ್ಕಾಲು ರೂಪಾಯಿ. ದಾರ ಓವರ್‌ಲಾಕ್ ಕೋನಿನದ್ದೇ.

ನಾವು ವಾಟ್ಸಾಪ್‌ನಲ್ಲಿ ಟೈಪ್ ಮಾಡಿ ಕಳಿಸಿದೆವು. ಪ್ರೂಫ್ ವಾಟ್ಸಾಪ್‌ನಲ್ಲೇ ಬಂತು. ಬಸ್ಸಿನಲ್ಲಿ ನಿಂತುಕೊಂಡು ನೋಡಿ, ಬೆಲೆ ಸರಿ ಇದೆ, ಫೋನ್ ನಂಬರ್ ಸರಿ ಇದೆ, ಓಕೆ ಅಂತ ಹೆಬ್ಬೆಟ್ಟು ಒತ್ತಿದೆವು.

ಕಟ್ಟು ಬಿಚ್ಚಿದಾಗ ಮೊದಲ ಸಾಲು "ಮದ್‌ದೂರಿನಲ್‌ಲಿ" ಅಂತಿತ್ತು. ಸಾವಿರಕ್ಕೆ ಸಾವಿರವೂ. ಪ್ರೆಸ್ಸುಗಳಲ್ಲಿ ಹಳೇ ಕೋರೆಲ್ ಡ್ರಾ, ಹಳೇ ನುಡಿ ಫಾಂಟು ಇನ್ನೂ ನಡೆಯುತ್ತಿರುತ್ತವೆ. ನಮ್ಮ ಫೋನಿನಿಂದ ಹೋಗುವುದು ಯೂನಿಕೋಡ್. ಹಾಗೇ ಅಂಟಿಸಿದರೆ ಒತ್ತಕ್ಷರ ಕೆಳಗೆ ಕೂರುವ ಬದಲು ಬಿಡಿಬಿಡಿಯಾಗಿ ನಿಂತುಬಿಡುತ್ತದೆ. ನುಡಿಗೆ ಪರಿವರ್ತಿಸಿ ಕೊಡಬೇಕು, ಇಲ್ಲವೇ ನಾವೇ ಪಿಡಿಎಫ್ ಮಾಡಿ ಕೊಡಬೇಕು. ಮದುವೆ ಕಾರ್ಡು, ಬ್ಯಾನರು ಮಾಡಿಸುವವರು ನೆನಪಿಟ್ಟುಕೊಳ್ಳಿ. ಆದರೆ ಇದರಲ್ಲಿ ಪ್ರೆಸ್ಸಿನವರನ್ನು ಬೈಯುವಂತಿರಲಿಲ್ಲ. ಪ್ರೂಫ್ ಓದುವುದೇ ನಮ್ಮ ವಿದ್ಯೆ, ಓಕೆ ಅಂದವರು ನಾವೇ.

ಚಿಕ್ಕಮ್ಮನ ಮುಂದೆ ನಿಂತು ಹೇಳಿದೆವು, ಇನ್ನೊಂದು ಸಲ ಮಾಡಿಸುವ ದುಡ್ಡು ನಮ್ಮದು ಅಂತ. ಅವರು ಒಂದು ಕಾರ್ಡ್ ತೆಗೆದುಕೊಂಡು ದೂರ ಹಿಡಿದು ನೋಡಿ, "ಫ್ಯಾಕ್ಟ್ರೀಲಿ ಆಗಿದ್ರೆ ಇಡೀ ಲಾಟ್ ರಿಜೆಕ್ಟು" ಅಂದರು. ಆಮೇಲೆ ಒಳಗೆ ಹೋಗಿ ಟೀ ಇಟ್ಟರು. ಹಾಳಾದ ಕಾರ್ಡುಗಳು ಈಗಲೂ ಅಲ್ಲಿವೆ, ಹಿಂಭಾಗದಲ್ಲಿ ಅಳತೆ ಗೀಚಿಕೊಳ್ಳುತ್ತಾರೆ, ಮೊಮ್ಮಗು ಅದರಲ್ಲಿ ಮನೆ ಕಟ್ಟುತ್ತದೆ.

ಎರಡನೇ ಸಲ ಸರಿಯಾಗಿ ಬಂತು. ಅಂಗಡಿಗೆ ಐವತ್ತು ಪೀಸ್ ಹೋಯಿತು. ನಾವೂ ಒಂದು ಮಧ್ಯಾಹ್ನ ಅಲ್ಲಿ ಸುಮ್ಮನೆ ನಿಂತಿದ್ದೆವು. ಒಬ್ಬ ಹೆಂಗಸು ನೈಟಿ ಎತ್ತಿಕೊಂಡು, ಜೇಬಿಗೆ ಕೈ ಹಾಕಿ ನೋಡಿ, ಟ್ಯಾಗ್ ತಿರುಗಿಸಿ, "ಈ ಚೀಟಿ ಇರೋದ್ಕೆ ಇಪ್ಪತ್ ರೂಪಾಯಿ ಜಾಸ್ತಿನಾ?" ಅಂದರು. ಹೆಸರು ಬರೆದದ್ದನ್ನು ಓದಿದರೋ ಇಲ್ಲವೋ ಗೊತ್ತಾಗಲಿಲ್ಲ. "ಹತ್ತಿ ಮಿಶ್ರಿತ" ಮಾತ್ರ ಓದಿ ಅದನ್ನು ಕೆಳಗಿಟ್ಟು ಇನ್ನೊಂದನ್ನು ತೆಗೆದುಕೊಂಡರು. 22ರಲ್ಲಿ ಒಂಬತ್ತು ಇನ್ನೂ ಅಲ್ಲೇ ಇವೆ.

ಹೋದ ವಾರ ಟ್ಯಾಗಿನ ನಂಬರಿಗೆ ಮಳವಳ್ಳಿ ಕಡೆಯಿಂದ ಒಂದು ಫೋನ್ ಬಂತು. ನಾವು ಅಲ್ಲೇ ಇದ್ದೆವು. ಚಿಕ್ಕಮ್ಮ ಸ್ಪೀಕರ್ ಹಾಕಿದರು. ಜೇಬಿನ ಮೂಲೆ ಕಿತ್ತಿದೆ, ಫೋನ್ ಭಾರಕ್ಕೆ ಇರಬೇಕು ಅಂದಿತು ಆ ದನಿ. ಚೀಟಿಯಲ್ಲಿ ಹೆಸರು ಬರೆದಿಲ್ಲ, ಯಾರು ಹೊಲಿದಿದ್ದು ಅಂತ ಕೇಳಿತು.

ಓವರ್‌ಲಾಕ್ ಸದ್ದು ನಿಂತಿತು. ಅಕ್ಕ ಎದ್ದು ಬಂದು ಫೋನ್ ಇಸಿದುಕೊಂಡರು. "ನಾನೇ ಕಣಮ್ಮ ಹೊಲ್ದಿದ್ದು. ಮೂಲೇಲಿ ಎರಡ್ ಸಲ ಹಾಕ್ಬೇಕಾಗಿತ್ತು. ಅಂಗಡೀಲಿ ಕೊಟ್ಟೋಗಿ, ಹಾಕ್ಕೊಡ್ತೀನಿ."

ಅತ್ತ ಕಡೆಯವರು, ಹಾಕುವಾಗ ಜೇಬನ್ನು ಎಡಗಡೆಗೆ ಹಾಕೋಕಾಗುತ್ತಾ, ನನ್ನದು ಎಡಗೈ ಅಂದರು.

"ಬಿಚ್ಚಿದ್ ಗುರುತು ಕಾಣುತ್ತೆ" ಅಂತ ಅಕ್ಕ ಯೋಚಿಸಿದರು. "ಇರ್ಲಿ ತಂದ್ಕೊಡಿ, ನೋಡ್ತೀನಿ."