ಹೊಸ್ತಿಲಾಚೆಯ ಮೇಲುಕೋಟೆ

ಮೇಲುಕೋಟೆಗೆ ಹೋಗಿ ಬಂದವರು ಚೆಲುವನಾರಾಯಣನ ಗುಡಿಯನ್ನೂ ಕಲ್ಯಾಣಿಯನ್ನೂ ಬೆಟ್ಟದ ಮೇಲಣ ಯೋಗನರಸಿಂಹನನ್ನೂ ಕುರಿತು ಬರೆಯುವುದು ವಾಡಿಕೆ. ಪೂರ್ಣವಾಗದೆ ನಿಂತ ರಾಯಗೋಪುರದ ಕಂಬಗಳನ್ನು ವರ್ಣಿಸುವುದೂ ಉಂಟು. ಪುಳಿಯೋಗರೆಯನ್ನು ಮರೆತವರಂತೂ ಇಲ್ಲ. ಕನ್ನಡ ಪಾಠ ಹೇಳುವವನಾದ ನಾನು, 1905ರಲ್ಲಿ ಅಲ್ಲಿ ಹುಟ್ಟಿದ ಪು.ತಿ.ನ. ಅವರನ್ನಾದರೂ ನೆನೆದು ನಾಲ್ಕು ಮಾತು ಬರೆಯಬೇಕಾಗಿತ್ತು. ಆದರೆ ಕಳೆದ ಬೇಸಗೆಯ ರಜದಲ್ಲಿ ಹತ್ತು ದಿನ ಆ ಊರಿನಲ್ಲಿದ್ದೂ ನಾನು ಕಣ್ಣಿಟ್ಟು ನೋಡಿದ್ದು ಒಂದು ಹಿತ್ತಲ ಬಾಗಿಲು, ಅದರ ಹೊಸ್ತಿಲು, ಮೂರು ಕಲ್ಲುಮೆಟ್ಟಿಲು, ಅವುಗಳಾಚೆಯ ನಾಲ್ಕು ಮಾರು ನೆಲ, ಇಷ್ಟೆ. ಮೂರೂವರೆ ತಿಂಗಳ ಬೆಕ್ಕಿನ ಮರಿಯೊಂದು ಮೊದಲ ಸಲ ಮನೆಯಿಂದ ಹೊರಗೆ ಕಾಲಿಡುವುದನ್ನು ಕಾಯುತ್ತ ಕುಳಿತಿದ್ದೆ. ಇದಕ್ಕೆ ನಗುವ ವಾಚಕರು ನಗಲಿ. ಕಾರಣವನ್ನು ಕೇಳಿದ ಮೇಲೆ ನಗಲಾರರೆಂದು ನನ್ನ ನಂಬಿಕೆ.

ಮೈಸೂರಿನಿಂದ ಮೇಲುಕೋಟೆಗೆ ಸುಮಾರು 50 ಕಿಲೋಮೀಟರು. ಪಾಂಡವಪುರವನ್ನು ದಾಟಿ, ಜಕ್ಕನಹಳ್ಳಿಯಲ್ಲಿ ತಿರುಗಿ, ಬಸ್ಸು ಏರು ಹತ್ತತೊಡಗಿದಾಗ ಬೆಟ್ಟದ ನೆತ್ತಿಯ ಗೋಪುರ ಕಾಣಿಸುತ್ತದೆ. ನನ್ನ ಸೋದರತ್ತೆಯ ಮನೆ ಅಲ್ಲಿಯ ಹಳೆಯ ಬೀದಿಯೊಂದರಲ್ಲಿದೆ. ಮುಂದೆ ಜಗಲಿ, ಒಳಗೆ ತೊಟ್ಟಿ, ಅದರಾಚೆ ಅಡುಗೆಮನೆ, ಕೊನೆಗೆ ಹಿತ್ತಲು. ಹಿತ್ತಲಿನಲ್ಲಿ ಒಂದು ಬಾವಿ, ತಗಡಿನ ಮಾಡಿನ ಬಚ್ಚಲುಮನೆ, ನಂದಿಬಟ್ಟಲು, ಕಣಗಿಲೆ, ನುಗ್ಗೆಯ ಮರ. ಗೋಡೆಯ ಮೇಲೆ ಕೋತಿಗಳು. ಮೇಲುಕೋಟೆಯಲ್ಲಿ ಮನೆಯಿದೆ ಎಂದರೆ ಗೋಡೆಯ ಮೇಲೆ ಕೋತಿಯಿದೆ ಎಂದೇ ಅರ್ಥ. ಕೈಯಲ್ಲಿ ಬಾಳೆಹಣ್ಣು ಹಿಡಿದು ಗುಡಿಗೆ ಹೊರಟವರಿಗೆ ಇದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಅದರ ಹಿಂದಿನ ವರ್ಷ ಇದೇ ಮನೆಯಲ್ಲಿ ನನ್ನಿಂದ ಒಂದು ತಪ್ಪು ನಡೆದುಹೋಯಿತು. ಅತ್ತೆಯ ಬೂದು ಬೆಕ್ಕು ಅಟ್ಟದ ಮೇಲೆ ಮರಿ ಹಾಕಿತ್ತು. ಅವುಗಳಲ್ಲಿ ಪಟ್ಟೆಯದೊಂದು, ಏಳು ವಾರದ್ದು, ನನ್ನ ಮಗಳಿಗೆ ಬಹಳ ಹಚ್ಚಿಕೊಂಡಿತ್ತು. ಅದಕ್ಕೆ ಬಿಸಿಲು ಕಾಣಿಸೋಣವೆಂದು ಅವಳು ಹೇಳಿದಳು. ನಾನು ಹಿಂದುಮುಂದು ನೋಡದೆ ಅದನ್ನು ಅಂಗೈಯಲ್ಲಿ ಎತ್ತಿಕೊಂಡು ಹೋಗಿ ಬಾವಿಯ ಪಕ್ಕದಲ್ಲಿ ಇಳಿಸಿದೆ. ಅಷ್ಟರಲ್ಲಿ ಕೋತಿಯೊಂದು ಬಚ್ಚಲಿನ ತಗಡಿನ ಮೇಲೆ ಧೊಪ್ಪನೆ ಹಾರಿತು. ಮರಿ ಬೆದರಿ ಓಡಿತು. ಮನೆಯ ಕಡೆಗಲ್ಲ, ನೀರು ಹರಿದುಹೋಗುವ ಗೋಡೆಯ ಕಂಡಿಯಲ್ಲಿ ನುಸುಳಿ ಆಚೆಗೆ! ಮೂರು ದಿನ ಬೀದಿಬೀದಿ ಹುಡುಕಿದೆವು. ಸಿಕ್ಕಲಿಲ್ಲ. ತಾಯಿಬೆಕ್ಕು ಎರಡು ರಾತ್ರಿ ಗೋಡೆಯ ಮೇಲೆ ಕೂಗುತ್ತ ತಿರುಗಿತು. ಅತ್ತೆ ನನ್ನನ್ನು ಬಯ್ಯಲಿಲ್ಲ. ಒಂದೇ ಮಾತು ಅಂದರು: "ಎತ್ತಿಕೊಂಡು ಹೋದವನು ನೀನಪ್ಪ. ತಿರುಗಿ ಬರುವ ದಾರಿ ಅದಕ್ಕೆ ಹೇಗೆ ಗೊತ್ತಾಗಬೇಕು?"

ಈ ಮಾತು ವರ್ಷವೆಲ್ಲ ನನ್ನ ಮನಸ್ಸಿನಲ್ಲಿ ಉಳಿಯಿತು. ಮೇಲುಕೋಟೆ ರಾಮಾನುಜಾಚಾರ್ಯರು 12 ವರ್ಷ ನೆಲಸಿದ್ದರೆಂದು ಸಂಪ್ರದಾಯ ಹೇಳುವ ಊರು. ಅವರ ತರುವಾಯ ಶ್ರೀವೈಷ್ಣವರಲ್ಲಿ ಭಗವಂತನ ಕೃಪೆಯ ವಿಷಯವಾಗಿ ಎರಡು ಪಕ್ಷಗಳಾದವು. ಕೋತಿಯ ಮರಿ ತಾಯಿಯನ್ನು ತಾನೇ ತಬ್ಬಿ ಹಿಡಿಯುವಂತೆ ಜೀವನೂ ತನ್ನ ಪ್ರಯತ್ನ ಮಾಡಬೇಕೆಂಬ ಮರ್ಕಟಕಿಶೋರ ನ್ಯಾಯ ವಡಗಲೆಯವರದು. ಬೆಕ್ಕು ತನ್ನ ಮರಿಯನ್ನು ಕತ್ತು ಕಚ್ಚಿ ಒಯ್ಯುವಂತೆ ಎಲ್ಲ ಭಾರವೂ ಭಗವಂತನದೇ ಎಂಬ ಮಾರ್ಜಾರಕಿಶೋರ ನ್ಯಾಯ ತೆಂಗಲೆಯವರದು. ತರಗತಿಯಲ್ಲಿ ಇದನ್ನು ಎಷ್ಟೋ ಸಲ ವಿವರಿಸಿದ್ದೇನೆ. ಆದರೆ ತಾಯಿಬೆಕ್ಕು ಮರಿಯನ್ನು ಕಚ್ಚಿಕೊಂಡು ತಿರುಗುವುದು ಮೊದಲ ಕೆಲವು ವಾರ ಮಾತ್ರ. ಆಮೇಲೆ ಅದು ಮುಂದೆ ನಡೆಯುತ್ತದೆ, ಮರಿ ತನ್ನ ಕಾಲ ಮೇಲೆ ಹಿಂಬಾಲಿಸುತ್ತದೆ. ಈ ಸಂಗತಿ ಮಾತ್ರ ನನ್ನ ಬುದ್ಧಿಗೆ ಹೊಳೆದಿರಲಿಲ್ಲ.

ಕಳೆದ ವರ್ಷ ಬೂದು ಬೆಕ್ಕು ಮತ್ತೆ ಮರಿ ಹಾಕಿತು. ಉಳಿದವು ಬೇರೆ ಮನೆಗಳನ್ನು ಸೇರಿದವು. ಒಂದು ಹೆಣ್ಣುಮರಿ ಅತ್ತೆಯ ಬಳಿ ನಿಂತಿತು. ಚೆಲುವನಾರಾಯಣನ ಊರಿನ ಮರಿಯೆಂದು ಅದಕ್ಕೆ ಚೆಲುವಿ ಎಂದು ಹೆಸರಾಯಿತು. "ರಜಕ್ಕೆ ಬಾ. ಈ ಸಲ ನೀನೇ ಕೂತು ಅದನ್ನ ಹೊರಗೆ ಬಿಡು" ಎಂದು ಅತ್ತೆ ದೂರವಾಣಿಯಲ್ಲಿ ಹೇಳಿದರು. ಅದು ಆಹ್ವಾನವೋ ಶಿಕ್ಷೆಯೋ ನಾನು ಕೇಳಲಿಲ್ಲ.

ಈ ಸಲ ನಾವು ಅವಸರ ಮಾಡಲಿಲ್ಲ. ಪಶುವೈದ್ಯರು ಹೇಳಿದಂತೆ 9ನೆಯ ವಾರದಲ್ಲಿ ಒಂದು ಲಸಿಕೆ, 12ನೆಯ ವಾರ ತುಂಬಿದ ಮೇಲೆ ಇನ್ನೊಂದು, ಅದರೊಡನೆ ಹುಚ್ಚುರೋಗದ ಲಸಿಕೆ, ಇಷ್ಟೂ ಆಗಿತ್ತು. ಮರಿಗಳನ್ನು ವಾಂತಿಭೇದಿಯಿಂದ ಕೊಲ್ಲುವ ಪ್ಯಾನ್‌ಲ್ಯೂಕೊಪೀನಿಯ ಎಂಬ ರೋಗದ ವೈರಾಣು ಹೊರಗಿನ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲುದಂತೆ. ಹೀಗಿರುವಾಗ ಏಳು ವಾರದ ಮರಿಯನ್ನು ಮಣ್ಣಿಗಿಳಿಸಿದ ನಾನು ಎಷ್ಟು ಜಾಣನಾಗಿದ್ದೆ ಎಂಬುದು ಈಗ ತಿಳಿಯಿತು. ಎರಡನೆಯ ಲಸಿಕೆಯಾದ ಮೇಲೂ, ಅದು ಮೈಗೆ ಹತ್ತಲೆಂದು ಕೆಲವು ದಿನ ಕಾದೆವು.

ಆಮೇಲೆ ಹಿತ್ತಲಿನ ಸರದಿ. ನೆಲದಿಂದ ಒಂದು ಗೇಣು ಎತ್ತರದಲ್ಲಿ ಕಣ್ಣಿಟ್ಟು ನೋಡಿದರೆ ಪರಿಚಿತವಾದ ಹಿತ್ತಲು ಬೇರೆಯೇ ದೇಶವಾಗುತ್ತದೆ. ಗೋಡೆಯ ಕಂಡಿಗೆ ಇಟ್ಟಿಗೆ ಅಡ್ಡ ಇಟ್ಟೆ. ಬಾವಿಯ ಬಾಯಿಗೆ ಕಂಬಿಯ ಬಲೆ ಹಾಸಿಸಿದೆ. ಕಣಗಿಲೆಯ ಎಲೆ ಬೆಕ್ಕಿಗೆ ವಿಷವಾದ್ದರಿಂದ ಅತ್ತೆ ದೇವರ ಹೂವಿನ ಆಸೆ ಬಿಟ್ಟು ಆ ಗಿಡವನ್ನೇ ತೆಗೆಸಿದರು. ಅಕ್ಕಪಕ್ಕದ ಮನೆಗಳಿಗೆ ಹೋಗಿ, ಇಲಿಪಾಷಾಣ ಇಟ್ಟಿದ್ದರೆ ದಯವಿಟ್ಟು ತೆಗೆಯಿರೆಂದು ಕೇಳಿಕೊಂಡೆವು. ಇದಕ್ಕೂ ಮೊದಲೇ ಅತ್ತೆ ಒಂದು ಕೆಲಸ ಮಾಡಿಟ್ಟಿದ್ದರು. ಪ್ರತಿದಿನ ಊಟ ಹಾಕುವಾಗ ಹಿತ್ತಾಳೆಯ ಬಟ್ಟಲಿಗೆ ಚಮಚದಿಂದ ಮೂರು ಸಲ ತಟ್ಟಿ "ಚೆಲುವೀ" ಎಂದು ಕರೆಯುವುದು. ಆ ಸದ್ದು ಕೇಳಿದರೆ ಮರಿ ಅಟ್ಟದಲ್ಲಿದ್ದರೂ ಇಳಿದು ಬರುತ್ತಿತ್ತು.

ದಿನವನ್ನೂ ನೋಡಿಯೇ ಆರಿಸಿದೆವು. ಶನಿವಾರ ಭಾನುವಾರಗಳಲ್ಲಿ ಮೇಲುಕೋಟೆಯ ಬೀದಿಗಳಲ್ಲಿ ಪ್ರವಾಸಿಗಳ ಕಾರುಗಳ ಗದ್ದಲ. ಆದುದರಿಂದ ಒಂದು ಮಂಗಳವಾರ, ಬೆಳಗ್ಗೆ ಏಳೂವರೆಗೆ, ಮರಿಗೆ ಇನ್ನೂ ಹಾಲನ್ನ ಹಾಕದೆ, ಹಿತ್ತಲ ಬಾಗಿಲನ್ನು ಪೂರ್ತಿ ತೆರೆದು, ನಾನು ಮೆಟ್ಟಿಲ ಪಕ್ಕದಲ್ಲಿ ಕುಳಿತೆ. ಹೊಟ್ಟೆ ತುಂಬಿದ ಮರಿಗೆ ತಿರುಗಿ ಬರುವ ಅವಸರವಿರುವುದಿಲ್ಲ. ಹಸಿದದ್ದು ಬಟ್ಟಲಿನ ಸದ್ದಿಗೆ ಓಗೊಡುತ್ತದೆ.

ಇಪ್ಪತ್ತು ನಿಮಿಷ ಕಳೆದರೂ ಚೆಲುವಿ ಹೊಸ್ತಿಲನ್ನು ದಾಟಲಿಲ್ಲ. ಮೂಗು ಮಾತ್ರ ಹೊರಗೆ. ಮೀಸೆ ಅದುರುತ್ತಿತ್ತು. ಕಾಗೆ ಕೂಗಿದರೆ ಒಂದು ಕಿವಿ ಅತ್ತ, ಗುಡಿಯ ಗಂಟೆ ಕೇಳಿದರೆ ಇನ್ನೊಂದು ಕಿವಿ ಇತ್ತ. ನನ್ನ ಕೈ ತಾನಾಗಿ ಅದರ ಬೆನ್ನ ಕಡೆಗೆ ಚಾಚಿತು. ತುಸು ತಳ್ಳಿದರೆ ಆಯಿತಲ್ಲ! ಒಳಗಿನಿಂದ ಅತ್ತೆ ಕೆಮ್ಮಿದರು. ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಕೊನೆಗೆ ಮರಿ ಒಂದು ಮೆಟ್ಟಿಲು ಇಳಿದು, ಕಲ್ಲಿನ ಅಂಚಿಗೆ ಕೆನ್ನೆಯನ್ನು ತಿಕ್ಕಿ, ಒಳಕ್ಕೆ ಓಡಿಬಿಟ್ಟಿತು. ಬೆಕ್ಕಿನ ಕೆನ್ನೆಯಲ್ಲಿ ವಾಸನೆಯನ್ನು ಸೂಸುವ ಗ್ರಂಥಿಗಳಿವೆ. ಹಾಗೆ ತಿಕ್ಕುವುದೆಂದರೆ ಆ ಕಲ್ಲಿಗೆ ತನ್ನ ಗುರುತು ಹಾಕುವುದು. ಮರುದಿನ ಎರಡನೆಯ ಮೆಟ್ಟಿಲು. ಅದರ ಮರುದಿನ ಮೂರನೆಯದು, ಬಾಗಿಲ ಕಂಬ, ಒಗೆಯುವ ಕಲ್ಲು. ಹೀಗೆ ದಿನಕ್ಕೆ ಹತ್ತು ಹದಿನೈದು ನಿಮಿಷ, ಹೆಜ್ಜೆಗೊಂದು ಗುರುತು ಹಾಕುತ್ತ ಮರಿ ತಾನು ತಿರುಗಿ ಬರುವ ದಾರಿಯನ್ನು ತಾನೇ ಕಟ್ಟಿಕೊಳ್ಳುತ್ತಿತ್ತು. ಹಿಂದಿನ ವರ್ಷದ ಮರಿಗೆ ನಾನು ಕೊಡದೆ ಹೋದದ್ದು ಈ ಮೂರು ಮೆಟ್ಟಿಲುಗಳನ್ನೇ.

ಐದನೆಯ ದಿನ ಚೆಲುವಿ ನಂದಿಬಟ್ಟಲಿನ ಬುಡದವರೆಗೆ ಹೋಗಿತ್ತು. ಇದ್ದಕ್ಕಿದ್ದಂತೆ ಬಚ್ಚಲಿನ ತಗಡು ಧೊಪ್ಪೆಂದಿತು. ಅದೇ ಸದ್ದು! ದೊಡ್ಡ ಗಂಡುಕೋತಿ, ಅದರ ಹಿಂದೆ ಮರಿಯನ್ನು ಹೊಟ್ಟೆಗೆ ಅಂಟಿಸಿಕೊಂಡ ತಾಯಿಕೋತಿ. ನಾನು ಕೋಲು ಹಿಡಿದು ಎದ್ದೆ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಗೋಡೆಯ ಕಂಡಿಯ ಕಡೆಗೆ ನೋಡಿದೆ. ಮರಿ ಅಲ್ಲಿರಲಿಲ್ಲ. ತಿರುಗಿ ನೋಡುವಷ್ಟರಲ್ಲಿ ಒಗೆಯುವ ಕಲ್ಲು, ಮೂರನೆಯ ಮೆಟ್ಟಿಲು, ಎರಡನೆಯದು, ಒಂದನೆಯದು, ಹೊಸ್ತಿಲು, ಬಂದ ದಾರಿಯಲ್ಲೇ ಬಾಣದಂತೆ ಒಳಗೆ! ಅಡುಗೆಮನೆಯ ಕತ್ತಲೆಯಲ್ಲಿ ಅಕ್ಕಿಯ ಡಬ್ಬದ ಹಿಂದೆ ಎರಡು ಕಣ್ಣು ಹೊಳೆಯುತ್ತಿದ್ದವು. ನನ್ನ ಮಗಳು ಏನೂ ಮಾತಾಡದೆ ನನ್ನ ಕೈ ಹಿಡಿದುಕೊಂಡಳು.

ಇಷ್ಟಕ್ಕೇ ಮರಿಗೆ ಪೂರ್ಣ ಸ್ವಾತಂತ್ರ್ಯ ಬಂತೆಂದು ಯಾರೂ ತಿಳಿಯಬಾರದು. ಹೆಣ್ಣುಬೆಕ್ಕು ನಾಲ್ಕು ತಿಂಗಳಿಗೇ ಗರ್ಭ ಧರಿಸಬಹುದು. ಶಸ್ತ್ರಚಿಕಿತ್ಸೆ ಮಾಡಿಸುವ ಮೊದಲು ಅದನ್ನು ಕಾವಲಿಲ್ಲದೆ ಬಿಡಬಾರದೆಂದು ವೈದ್ಯರು ಹೇಳಿದ್ದರು. ತಾಯಿಗೂ ಮಗಳಿಗೂ ಮುಂದಿನ ತಿಂಗಳೇ ಅದನ್ನು ಮಾಡಿಸಿದೆವು. ಕತ್ತಲಾದ ಮೇಲಂತೂ ಬಾಗಿಲು ತೆರೆಯುವುದಿಲ್ಲ. ಈ ಬೆಟ್ಟಗಳ ಸುತ್ತಣ ಕುರುಚಲು ಕಾಡನ್ನು 1974ರಲ್ಲಿ ತೋಳಗಳಿಗಾಗಿ ವನ್ಯಧಾಮವನ್ನಾಗಿ ಮಾಡಿದ್ದಾರೆ. ಚಿರತೆಯ ಸಂಚಾರವೂ ಉಂಟು. ಅವಕ್ಕಿಂತ ಹತ್ತಿರದಲ್ಲಿ ಬೀದಿನಾಯಿಗಳಿವೆ.

ಹತ್ತನೆಯ ದಿನದ ಸಂಜೆ ನಾನು ಊರಿಗೆ ಹೊರಡಬೇಕಾಗಿತ್ತು. ಚೆಲುವಿ ಬಾವಿಕಟ್ಟೆಯ ಬಳಿ ಒಣಗಿದ ನುಗ್ಗೆಯ ಎಲೆಯೊಡನೆ ಯುದ್ಧ ಹೂಡಿತ್ತು. ತಾಯಿಬೆಕ್ಕು ಗೋಡೆಯ ಮೇಲೆ ಕುಳಿತು ನೋಡುತ್ತಿತ್ತು. ಒಮ್ಮೆಯೂ ಕೆಳಗಿಳಿದು ಕತ್ತು ಕಚ್ಚಿ ಎತ್ತಲಿಲ್ಲ. ಬೆಟ್ಟದ ಮೇಲಿನ ಗೋಪುರಕ್ಕೆ ಕೊನೆಯ ಬಿಸಿಲು ಬಿದ್ದಿತ್ತು. ಅತ್ತೆ ಬಟ್ಟಲು ತಂದು ನನ್ನ ಕೈಗೆ ಕೊಟ್ಟರು. ಮೂರು ಸಲ ತಟ್ಟಿದೆ. ಮರಿ ತಲೆಯೆತ್ತಿ ನೋಡಿ, ಎಲೆಯನ್ನು ಬಿಟ್ಟು, ಬಾಲ ನಿಮಿರಿಸಿಕೊಂಡು, ಯಾವ ಅವಸರವೂ ಇಲ್ಲದೆ ಮೂರು ಮೆಟ್ಟಿಲನ್ನೂ ಹತ್ತಿ ಒಳಗೆ ಬಂದಿತು.

"ಈಗ ಬಾಗಿಲು ಹಾಕು" ಎಂದರು ಅತ್ತೆ.